ಭರಣಿಯಲ್ಲಿದ್ದ ಬಾಪುಸಾಹೇಬ

ತ್ರಿಶಲಾ ವೈನಿಯವರನ್ನು ನಾನು ಮೊದಲು ಕಂಡದ್ದು ಏಕಸಂಬಿಯ ಒಂದು ಬಾವಿಕಟ್ಟೆಯ ಮೇಲೆ. ಆಗ ನಾನು ಊರಿನ ಕನ್ನಡ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿ. ಕಬ್ಬಿಣದ ಪೆಟ್ಟಿಗೆಯ ಬೀಗ ಕೂಡ ತೆಗೆದಿರಲಿಲ್ಲ. ಆದರೆ ಊರನ್ನು ತಿದ್ದುವ ಉತ್ಸಾಹ ಮಾತ್ರ ಉಕ್ಕುತ್ತಿತ್ತು. ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಮಡಿಚಿದ ದಪ್ಪ ಬಟ್ಟೆಯಲ್ಲಿ ನೀರು ಸೋಸಿ ಕೊಡ ತುಂಬಿಕೊಂಡಳು. ಬಹಳ ಸಂತೋಷವಾಯಿತು. ಆಮೇಲೆ ಆ ಬಟ್ಟೆಯನ್ನು ತಿರುವಿ, ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಸಣ್ಣ ತಂಬಿಗೆಗೆ ಹಾಕಿ, ತಂಬಿಗೆಯನ್ನು ಹಗ್ಗದಿಂದ ಮೆಲ್ಲಗೆ ಬಾವಿಗೆ ಇಳಿಬಿಟ್ಟಳು. ನನ್ನ ಸಂತೋಷ ಹಾರಿಹೋಯಿತು.

"ಸೋಸಿದ ಹೊಲಸನ್ನು ಮತ್ತೆ ಬಾವಿಗೇ ಹಾಕುತ್ತೀರಲ್ಲ, ಇದು ಸರಿಯೇ?" ಎಂದು ಕೇಳಿದೆ.

"ಹೊಲಸಲ್ಲರಿ ಅಕ್ಕೋರ, ಸಣ್ಣ ಸಣ್ಣ ಜೀವ ಅದಾವ. ಅವರನ್ನ ಅವರ ಮನಿಗೆ ಕಳಸಾಕತ್ತೀನಿ."

"ಹಾಗಾದರೆ ಮೇಲಿನಿಂದಲೇ ಸುರಿದುಬಿಡಬಹುದಲ್ಲ?"

"ಮ್ಯಾಲಿಂದ ಒಗದ್ರ ಪೆಟ್ಟ ಹತ್ತತೈತಲ್ಲರಿ," ಎಂದರು ಅವರು, ಹಗ್ಗವನ್ನು ಇನ್ನೂ ಮೆಲ್ಲಗೆ ಬಿಡುತ್ತ.

ಓದುಗರು ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ. ಈ ಬರಹಕ್ಕೆ ಅದೇ ಕಾರಣ.

ಮುಂದೆ ಅವರ ಮನೆಯ ಗೋಡೆಗೆ ಹೊಂದಿದ ಮನೆಯಲ್ಲೇ ನನ್ನ ಸಂಸಾರ ನೆಲೆಸಿತು. ಅವರ ಯಜಮಾನರನ್ನು ನಾವು 'ಅಣ್ಣಾ' ಎನ್ನುತ್ತಿದ್ದುದರಿಂದ ಅವರು ನಮಗೆ ಅತ್ತಿಗೆ, ಅಂದರೆ ವೈನಿ. ನಾನು ಅವರಿಗೂ ಊರಿಗೂ ಅಂದಿನಿಂದ ಇಂದಿನವರೆಗೆ ಶಾಲೆಯ ಅಕ್ಕೋರು.

ಈ ಸಲ ಜೈನರ ದಶಲಕ್ಷಣ ಪರ್ವದ ಹತ್ತೂ ದಿನ ಬರೀ ನೀರಿನ ಮೇಲೆ ಉಪವಾಸ ಮಾಡುವುದೆಂದು ವೈನಿ ನಿಶ್ಚಯಿಸಿದರು. ವಯಸ್ಸು ಎಪ್ಪತ್ತು ದಾಟಿದೆ. ಬೇಡವೆಂದು ಮಗ ಸನ್ಮತಿ ಕಾಲು ಹಿಡಿದ. ಅವರು ಜಗ್ಗಲಿಲ್ಲ. ಉಪವಾಸ ಮುಗಿದ ಮರುದಿನ ಬೆಳಿಗ್ಗೆ ಪಾರಣೆ. ಬೇಕಾದವರೆಲ್ಲ ಸೇರಿ, ವ್ರತ ಮುಗಿಸಿದವರ ಬಾಯಿಗೆ ತಮ್ಮ ಕೈಯಾರೆ ಒಂದೊಂದು ತುತ್ತು ಇಡುತ್ತಾರೆ. ಅದು ದೊಡ್ಡ ಪುಣ್ಯ, ಅದಕ್ಕಿಂತ ದೊಡ್ಡ ಮರ್ಯಾದೆ. ಪರ್ವಕ್ಕೆ ಇನ್ನೂ ಕೆಲವು ದಿನಗಳಿರುವಾಗ ವೈನಿ ಓಣಿಯವರೆಲ್ಲರ ಎದುರಿಗೆ ಹೇಳಿದರು: "ನಮ್ಮ ಮಂದಿ ಎಲ್ಲಾ ಇರತಾರ. ಆದ್ರ ನಮ್ಮ ಅಕ್ಕೋರ ಕೈಯಿಂದ ಒಂದು ತುತ್ತು ನನಗ ಬೇಕ."

ಇಷ್ಟು ಕೇಳಿ ಸುಮ್ಮನೆ ಕೈ ಮುಗಿದಿದ್ದರೆ ಸಾಕಿತ್ತು. ಆದರೆ ಮಿರಜದಲ್ಲಿರುವ ನನ್ನ ಮಗಳು ಮನೀಷಾ ಹೊಸ ಓವನ್ ಕೊಂಡು, ತನ್ನ ಹಳೆಯ ಓವನ್ನನ್ನು ನನಗೆ ಕೊಟ್ಟಿದ್ದಳು. ಅಡುಗೆಮನೆಯನ್ನು ನಮ್ಮ ಅತ್ತೆಯವರು ಬದುಕಿರುವವರೆಗೂ ನನಗೆ ಬಿಟ್ಟುಕೊಟ್ಟಿರಲಿಲ್ಲವಾದ್ದರಿಂದ, ಅಲ್ಲಿ ನಾನು ಸಾಧಿಸಬೇಕಾದದ್ದು ಬಹಳ ಉಳಿದಿತ್ತು. ಆದ್ದರಿಂದ ಘೋಷಿಸಿಬಿಟ್ಟೆ:

"ವೈನಿ, ಎಲ್ಲರೂ ಹೆಸರಕಟ್ಟು ಕುಡಸತಾರ. ನಾ ನಿಮಗ ಬ್ರೆಡ್ ಮಾಡಿ ತರತೀನಿ. ಮೈದಾ ಮುಟ್ಟಿಸೂದಿಲ್ಲ. ಇಡೀ ಕಾಳಿನ ಹಿಟ್ಟು, ಹೊಟ್ಟು ಸುದ್ದಾ ಸೋಸೂದಿಲ್ಲ."

ಮನೆಗೆ ಬಂದ ಮೇಲೆ ನಮ್ಮವರು ಕನ್ನಡಕ ಇಳಿಸಿ ನೋಡಿದರು. ಅವರು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕ ನೋಡುತ್ತ ನಿವೃತ್ತರಾದವರು. ಮಾತನ್ನೂ ತೂಗಿಯೇ ಆಡುತ್ತಾರೆ.

"ಹತ್ತ ದಿನ ಉಪಾಸ ಇದ್ದ ಹೆಣ್ಣಮಗಳಿಗೆ ನಿನ್ನ ಕೈಯಾಗಿನ ಬ್ರೆಡ್ಡಾ? ಪಾಪ, ಆಕಿ ನಿನಗ ಏನ ಮಾಡ್ಯಾಳ?"

"ನೋಡ್ತಿರ್ರಿ," ಎಂದೆ.

ಅವರು ನೋಡಿದರು. ಮೊದಲನೆಯದು ಬರೀ ಜೋಳದ ಹಿಟ್ಟಿನದು. ಜೋಳಕ್ಕೆ ಜಿಗಿ ಇಲ್ಲ. ರೊಟ್ಟಿ ಬಡಿಯಲು ಬರುತ್ತದೆಯೇ ಹೊರತು, ಗಾಳಿ ಹಿಡಿದುಕೊಂಡು ಉಬ್ಬಲು ಬರುವುದಿಲ್ಲ. ಓವನ್ನಿನಿಂದ ಹೊರಬಂದದ್ದನ್ನು ಕಟ್ಟೆಯ ಮೇಲಿಟ್ಟೆ. ಇರುವೆಗಳ ಸಾಲು ಅದರವರೆಗೆ ಬಂದು, ಬಳಸಿಕೊಂಡು, ಮುಂದೆ ಹೋಯಿತು. ನಮ್ಮವರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಒಳ್ಳೆ ತೂಕ ಐತಿ," ಎಂದು ಉಪ್ಪಿನಕಾಯಿ ಜಾಡಿಯೊಳಗೆ ಹೋಳುಗಳನ್ನು ಅದುಮಿಡುವ ಕಲ್ಲಿನ ಜಾಗಕ್ಕೆ ಅದನ್ನು ನೇಮಿಸಿದರು.

ಎರಡನೆಯದಕ್ಕೆ ಜಿಗಿ ಬರಲೆಂದು ಖಪಲಿ ಗೋಧಿ ಬೆರೆಸಿದೆ. ಇಡೀ ಕಾಳಿನ ಹಿಟ್ಟಿನಲ್ಲಿ ಬ್ರೆಡ್ ಮಾಡುವ ಅಕ್ಕತಂಗಿಯರಿಗೆ ಇಲ್ಲಿ ಒಂದು ಮಾತು ಹೇಳುತ್ತೇನೆ. ನಾನು ಪಟ್ಟ ಪಾಡು ಯಾರಿಗಾದರೂ ಉಪಯೋಗಕ್ಕೆ ಬರಲಿ. ಸೋಸದ ಹಿಟ್ಟಿನಲ್ಲಿರುವ ಹೊಟ್ಟು ಬಹಳ ನೀರು ಕುಡಿಯುತ್ತದೆ, ಆದರೆ ಅವಸರವಿಲ್ಲದೆ ಕುಡಿಯುತ್ತದೆ. ಮೈದಾಕ್ಕಿಂತ ಹೆಚ್ಚು ನೀರು ಹಾಕಿ, ಕಲಸಿ, ಮುಚ್ಚಿಟ್ಟು, ಬೇರೆ ಕೆಲಸ ನೋಡಿಕೊಳ್ಳಬೇಕು. ಕಣಕ ಕೈಗೆ ಅಂಟುತ್ತದೆ ಎಂದು ಒಣಹಿಟ್ಟು ಸುರಿಯುತ್ತ ಹೋದರೆ ಇನ್ನೊಂದು ಉಪ್ಪಿನಕಾಯಿ ಜಾಡಿ ಕೊಳ್ಳಬೇಕಾಗುತ್ತದೆ. ಹಿಟ್ಟು ಹೊಸದಾಗಿ ಬೀಸಿದ್ದೇ ಆಗಬೇಕು. ಹಳೆಯದಾದರೆ ಕಮಟು ಹಿಡಿಯುತ್ತದೆ. ಮೂಗಿಗೆ ಗೊತ್ತಾಗದಿದ್ದರೂ ನಾಲಿಗೆಗೆ ಗೊತ್ತಾಗುತ್ತದೆ. ಬೆಂದ ಬ್ರೆಡ್ಡನ್ನು ಪೂರ್ತಿ ಆರುವ ಮೊದಲು ಕೊಯ್ಯಬಾರದು. ಕೊಯ್ದರೆ ಒಳಗೆಲ್ಲ ಅಂಟು.

ಇನ್ನು ಉಬ್ಬಿಸುವುದು ಹೇಗೆ? ಅಂಗಡಿಯಲ್ಲಿ ಈಸ್ಟಿನ ಪಾಕೀಟು ಸಿಗುತ್ತದೆ. ಆದರೆ ವ್ರತದವರ ಬಾಯಿಗೆ ಅಂಗಡಿಯ ಪಾಕೀಟೇ? ಅದರಲ್ಲಿ ಏನು ಸೇರಿರುತ್ತದೋ ಯಾರು ಬಲ್ಲರು? ವೈನಿಯವರ ನಿಯಮಗಳು ನನಗೆ ಬಾಯಿಪಾಠ. ಮೊಟ್ಟೆ ಇಲ್ಲ, ಉಳ್ಳಾಗಡ್ಡಿ ಇಲ್ಲ, ಬಟಾಟೆ ಇಲ್ಲ, ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ಮಳೆಗಾಲದಲ್ಲಿ ಹಿಟ್ಟು ಬೀಸಿ ಕೆಲವೇ ದಿನಗಳೊಳಗೆ ಮುಗಿಸಬೇಕು. ಗಿರಣಿಯವನಿಂದ ಕಲ್ಲು ಒರೆಸಿಸಿ ನನ್ನ ಹಿಟ್ಟನ್ನು ಮೊದಲು ಬೀಸಿಸಿದೆ. ಅವನು ಗೊಣಗಿದ, ನನ್ನ ಹಳೆಯ ವಿದ್ಯಾರ್ಥಿಯಾದ್ದರಿಂದ ಗೊಣಗಿಯೇ ಬೀಸಿದ. ಇಷ್ಟು ಶುದ್ಧವಾಗಿ ನಡೆದವಳು ಕೊನೆಗೆ ಪಾಕೀಟು ಹರಿಯುವುದೇ?

ಮನೀಷಾ ಫೋನಿನಲ್ಲಿ ದಾರಿ ತೋರಿಸಿದಳು. "ಅವ್ವಾ, ಗಾಜಿನ ಭರಣ್ಯಾಗ ಗೋಧಿ ಹಿಟ್ಟು, ನೀರು ಕಲಸಿ ಇಡು. ದಿನಾ ಒಂದಿಷ್ಟು ಹಿಟ್ಟು, ನೀರು ಉಣಿಸು. ಒಂದ ದಿನ ತಾನ ಉಬ್ಬಿ ಮ್ಯಾಲ ಬರತೈತಿ. ಅದನ್ನ ಹಾಕಿದ್ರ ಈಸ್ಟ್ ಬ್ಯಾಡ."

ಉಣಿಸಿದೆ. ಮೊದಮೊದಲು ಅದು ಸುಮ್ಮನೆ ಬಿದ್ದಿತ್ತು. ಆಮೇಲೆ ಒಂದು ಗುಳ್ಳೆ, ಮರುದಿನ ಹತ್ತಾರು. ಮತ್ತೊಂದು ಬೆಳಿಗ್ಗೆ ಮುಚ್ಚಳವನ್ನೇ ಎತ್ತಿಕೊಂಡು ನಿಂತಿತ್ತು. ನಮ್ಮವರು ಬಗ್ಗಿ ನೋಡಿದರು.

"ಇವಗ ಹೆಸರ ಇಟ್ಟಿಯೇನ?"

"ಹಿಟ್ಟಿಗೆಂಥಾ ಹೆಸರ್ರಿ?"

"ಮೂಲ್ಯಾಗ ಕುಂಡ್ರತಾನ, ಹೊತ್ತಿಗೆ ಸರಿ ಉಣ್ಣತಾನ, ಕೆಲಸ ಇಲ್ಲ, ದಿನಾ ಹೊಟ್ಟಿ ಮುಂದ ಬರಾಕತ್ತೈತಿ. ಬಾಪುಸಾಹೇಬ ಅನ್ನು."

ಹಾಗೆ ಬಾಪುಸಾಹೇಬ ನಮ್ಮ ಮನೆಯವನಾದ. ನಾನೂ ಬೆಳಿಗ್ಗೆ ಎದ್ದ ಕೂಡಲೇ ಭರಣಿಯ ಮುಂದೆ ನಿಂತು, "ಏನೋ ಬಾಪು, ಹಸಿವಾಗೈತೇನು?" ಎಂದು ಕೇಳುವಷ್ಟು ಮೆತ್ತಗಾದೆ.

ಅತ್ತ ವೈನಿ ದಿನದಿನಕ್ಕೂ ಇಳಿಯುತ್ತಿದ್ದರು. ಸಂಜೆ ಹೋಗಿ ಕೂತರೆ ದನಿ ಕೇಳಲು ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಗಿತ್ತು. ಒಂದು ದಿನ ನನ್ನ ಕೈ ಹಿಡಿದು, "ನಿಮ್ಮ ಬ್ರೆಡ್ಡಿನ ಆಸೆ ಹಿಡಕೊಂಡ ಕುಂತೀನ್ರಿ ಅಕ್ಕೋರ," ಎಂದರು.

ಪಾರಣೆಯ ಬೆಳಿಗ್ಗೆ ಮನೆಯ ತುಂಬ ಜನ. ಕಾಗವಾಡದಿಂದ, ಕಬ್ಬೂರಿನಿಂದ ಬೀಗರು ಬಂದಿದ್ದರು. ನನ್ನ ಬ್ರೆಡ್ಡೋ, ಹೇಳಿಕೊಳ್ಳಬಾರದು, ಹೇಳುತ್ತೇನೆ: ಬೆಲ್ಲದ ಬಣ್ಣ, ಮೇಲೆ ಗರಿಗರಿ, ಒಳಗೆ ಜೇನುಗೂಡಿನಂತೆ ತೂತು. ಹಿಂದಿನ ದಿನವೇ ಬೇಯಿಸಿದರೆ ತಂಗಳಾಗುತ್ತದೆಂದು ನಸುಕಿನಲ್ಲೆದ್ದು ಬೇಯಿಸಿ, ಆರಿಸಿ, ಹೋಳು ಮಾಡಿ, ಬೆಳ್ಳಿಯ ತಟ್ಟೆಯಲ್ಲಿಟ್ಟು ತಂದಿದ್ದೆ. ನಮ್ಮವರು ಕೂಡ ಎರಡು ಸಲ ನೋಡಿ ಏನೂ ಅನ್ನಲಿಲ್ಲ. ಅವರಿಂದ ಅದು ಪದಕ ಸಿಕ್ಕಂತೆ.

ವೈನಿ ಬಿಸಿನೀರು ಕುಡಿದರು. ಸನ್ಮತಿ ಹೆಸರುಬೇಳೆಯ ಕಟ್ಟನ್ನು ಚಮಚದಿಂದ ಕುಡಿಸಿದ. ಎಲ್ಲರ ಕಣ್ಣೂ ಒದ್ದೆ. ಆಮೇಲೆ ನನ್ನ ಸರದಿ. ನಾನು ಬಾಯಿಗಿಡಲು ಮುರಿದ ತುಂಡನ್ನು ವೈನಿ ಪ್ರೀತಿಯಿಂದ ಮೊದಲು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಎಷ್ಟ ಛಂದ ತೂತ ಬಿದ್ದಾವರಿ. ಸೋಡಾ ಹಾಕೀರೇನ?"

'ಇಲ್ಲ' ಎಂದು ಹೇಳಿ ಬಾಯಿ ಮುಚ್ಚಿಕೊಳ್ಳಬಹುದಿತ್ತು. ಆದರೆ ಪ್ರಶ್ನೆ ಕೇಳಿದವರು ಸಿಕ್ಕರೆ ನಿವೃತ್ತ ಶಿಕ್ಷಕಿಗೆ ನಿವೃತ್ತಿಯೇ ಮರೆತುಹೋಗುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು, ಇಡೀ ಸಭೆಗೆ ಕೇಳಿಸುವಂತೆ ಶುರುಮಾಡಿದೆ:

"ಸೋಡಾ ಅಲ್ರಿ ವೈನಿ, ಅಂಗಡಿ ಪುಡಿನೂ ಅಲ್ಲ. ಇದು ಜೀವ ಇರೂ ಹಿಟ್ಟು."

"ಜೀವ?"

"ಹೌದ್ರಿ, ಲಕ್ಷಗಟ್ಟಲೆ. ಕಣ್ಣಿಗೆ ಕಾಣೂದಿಲ್ಲ. ನಾನ ದಿನಾ ಹಿಟ್ಟು, ನೀರು ಉಣಿಸಿ ಬೆಳೆಸೀನಿ. ಅವು ಉಸಿರ ಬಿಟ್ಟಲ್ಲೆಲ್ಲಾ ಈ ತೂತು ನೋಡ್ರಿ."

ಕಾಗವಾಡದ ಬೀಗತಿಯೊಬ್ಬರು ಚಮಚ ಕೆಳಗಿಟ್ಟರು. ನನಗೆ ಅದರ ಅರ್ಥವೂ ಆಗಲಿಲ್ಲ.

"ಆಮ್ಯಾಲೆ ಏನ ಮಾಡಿದ್ರಿ?" ವೈನಿಯವರ ದನಿ ಬಹಳ ಸಣ್ಣದಾಗಿತ್ತು.

"ಆಮ್ಯಾಲೆ ಓವನ್ ಛಲೋತಂಗ ಕಾಸಿ, ಒಳಗ..."

ಅಲ್ಲಿಗೆ ನಿಂತೆ. ಬಾವಿಕಟ್ಟೆ ಕಣ್ಣ ಮುಂದೆ ಬಂತು. ಮೆಲ್ಲಗೆ ಇಳಿಯುವ ಹಗ್ಗ ಬಂತು. ಪೆಟ್ಟು ಹತ್ತತೈತಲ್ಲರಿ ಎಂಬ ಮಾತು, ಇಷ್ಟು ವರ್ಷ ಎಲ್ಲಿ ಹೋಗಿತ್ತೋ, ಆಗ ಬಂತು.

"ಉಣಿಸಿ ದೊಡ್ಡವರನ್ನ ಮಾಡಿ," ವೈನಿ ಮೆಲ್ಲಗೆ ಹೇಳಿದರು, "ಭಟ್ಟಿಗೆ ಹಾಕಿದ್ರಿ."

ಬಾಗಿಲ ಬಳಿಯಿಂದ ನಮ್ಮವರು ಒಂದು ಉಸಿರು ಬಿಟ್ಟು, "ಛಲೋ ಮನಶಾ ಇದ್ದ, ಬಾಪುಸಾಹೇಬ," ಎಂದರು.

ಯಾರೂ ನಗಲಿಲ್ಲ. ಬ್ರೆಡ್ಡಿನ ತುಂಡು ವೈನಿಯವರ ಕೈಯಲ್ಲಿ ಅರ್ಧ ದಾರಿಯಲ್ಲಿ ನಿಂತಿತ್ತು. ಬಾಯಿಗೆ ಇಟ್ಟರೆ ಹತ್ತು ದಿನದ ವ್ರತ ನನ್ನ ಕೈಯಿಂದ ಕೆಡುತ್ತದೆ. ಕೆಳಗಿಟ್ಟರೆ ಓಣಿಯ ಎದುರಿಗೆ ಕೇಳಿ ಪಡೆದ ತುತ್ತನ್ನು ಓಣಿಯ ಎದುರಿಗೇ ತಳ್ಳಿದಂತಾಗುತ್ತದೆ. ನಾನು ಆ ತುಂಡನ್ನು ಅವರ ಕೈಯಿಂದ ಕಸಿದು ನನ್ನ ಬಾಯಿಗೇ ತುರುಕಿಕೊಂಡೆ. ಪಾರಣೆಯವರ ತುತ್ತನ್ನು ಕಸಿದು ತಿಂದ ಮೊದಲ ಶಿಕ್ಷಕಿ ನಾನೇ ಇರಬೇಕು. ಇನ್ನೂ ನಾಚಿಕೆಯ ಸಂಗತಿಯೆಂದರೆ, ಅದು ಬಹಳ ರುಚಿಯಾಗಿತ್ತು.

ಬಾಯಿ ತುಂಬಿಕೊಂಡು, ತಲೆ ತಗ್ಗಿಸಿ, ಹೊರಗೆ ಹೋಗಲು ತಿರುಗಿದೆ.

"ಅಕ್ಕೋರ, ಎಲ್ಲಿ ಹೊಂಟ್ರಿ?" ವೈನಿ ಕರೆದರು. "ನಿಮ್ಮ ಕೈಯಾಗಿನ ತುತ್ತು ಬೇಕಂತ ಅಂದಿದ್ದೆ. ಬ್ರೆಡ್ ಬೇಕಂತ ನಾ ಎಲ್ಲಿ ಅಂದಿದ್ದೆ? ಅದನ್ನ ನೀವ ಅಂದದ್ದು. ಆ ಹೆಸರಕಟ್ಟು ಒಂದ ಚಮಚ ಹಾಕ್ರಿ."

ಹಾಕಿದೆ. ಅರ್ಧ ಚಮಚ ಅವರ ಬಾಯಿಗೆ ಹೋಯಿತು. ಅರ್ಧ ಸೆರಗಿನ ಮೇಲೆ ಬಿತ್ತು. ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಪಾರಾದೆನೆಂದುಕೊಳ್ಳುತ್ತಿದ್ದೆ. ಆದರೆ ವೈನಿ ಚೇತರಿಸಿಕೊಂಡು ಮೊದಲು ಎದ್ದು ಹೋದದ್ದು ಬಸದಿಗೆ. ಆಮೇಲೆ ನೇರವಾಗಿ ನಮ್ಮ ಅಡುಗೆಮನೆಗೆ.

"ಉಳದವರು ಎಲ್ಲಿ ಅದಾರ್ರಿ?"

ಭರಣಿಯ ತಳದಲ್ಲಿ ಉಳಿದಿದ್ದ ಬಾಪುಸಾಹೇಬನನ್ನು ತೋರಿಸಿದೆ. ಮೋರಿಗೆ ಚೆಲ್ಲಲು ಆಗಲೇ ಕೈಗೆ ತೆಗೆದುಕೊಂಡಿದ್ದೆ.

"ಚೆಲ್ಲಿದ್ರ?"

"ಸಾಯತಾವ್ರಿ."

"ಹಂಗ ಬಿಟ್ರ?"

"ಉಣ್ಣಾಕ ಇಲ್ದ ಸಾಯತಾವ್ರಿ."

"ಉಪಾಸ ಅಂದ್ರ ಏನಂತ ನನಗ ಗೊತ್ತೈತಿ ಅಕ್ಕೋರ," ಎಂದು ವೈನಿ ಭರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದರು. "ನಾನರ ಆಸೆಪಟ್ಟು ಮಾಡಿದೆ. ಇವೇನ ವ್ರತ ಹಿಡದಾವ?"

ಬಾಪುಸಾಹೇಬನ ಸ್ವಭಾವವೇನೆಂದರೆ, ಉಣಿಸಿದಷ್ಟೂ ಬೆಳೆಯುತ್ತಾನೆ. ಬ್ರೆಡ್ ಮಾಡುವವರು ಅರ್ಧ ತೆಗೆದು ಬೇಯಿಸುತ್ತಾರೆ, ಇಲ್ಲವೇ ಚೆಲ್ಲುತ್ತಾರೆ. ವೈನಿ ಎರಡನ್ನೂ ಮಾಡುವುದಿಲ್ಲ. ಒಂದು ಭರಣಿ ಎರಡಾಯಿತು; ಎರಡು ತುಂಬಿದ ಮೇಲೆ ತುಪ್ಪದ ಡಬ್ಬಿ, ಆಮೇಲೆ ಸೊಸೆಯ ಉಪ್ಪಿನಕಾಯಿ ಜಾಡಿ. ಸನ್ಮತಿ ಈಗ ಗೋಧಿಯನ್ನು ಚೀಲದ ಲೆಕ್ಕದಲ್ಲಿ ತರುತ್ತಾನೆ. ಹಾದಿಯಲ್ಲಿ ನಾನು ಕಂಡರೆ ನಮಸ್ಕಾರ ಮಾಡುತ್ತಾನೆ, ಆದರೆ ನಗುವುದಿಲ್ಲ. ಅವರ ಮನೆಯಲ್ಲಿ ಹಿಡಿಸದಷ್ಟಾದಾಗ, ಹುಟ್ಟಿಸಿದವಳು ನಾನೇ ಆದ್ದರಿಂದ, ಒಂದು ಸಾಲು ಭರಣಿಗಳು ನಮ್ಮ ಮನೆಗೆ ಬಂದವು. ನನ್ನ ಓವನ್ನಿನಲ್ಲಿ ಈಗ ನಮ್ಮವರು ಹಳೆಯ ಪೇಪರುಗಳನ್ನು ಇಡುತ್ತಾರೆ.

ವೈನಿ ಈಗ ಗಟ್ಟಿಯಾಗಿದ್ದಾರೆ. ಬೆಳಿಗ್ಗೆ ಸೋಸಿದ ನೀರು, ಹೊಸ ಹಿಟ್ಟು ಹಿಡಿದು ಭರಣಿಯಿಂದ ಭರಣಿಗೆ ಹೋಗುತ್ತಾರೆ. ಎಲ್ಲರದೂ ಆದ ಮೇಲೆ ತಾವು ಉಣ್ಣುತ್ತಾರೆ. ಮೊನ್ನೆ ನಾನು ಮರೆತು, ದೀಪ ಹಚ್ಚಿದ ಮೇಲೆ ನಮ್ಮ ಪಾಲಿನ ಭರಣಿಗಳಿಗೆ ಹಿಟ್ಟು ಹಾಕುತ್ತಿದ್ದೆ. ಗೋಡೆಯ ಮೇಲಿನಿಂದ ವೈನಿಯವರ ಮುಖ ಕಂಡಿತು.

"ಅಕ್ಕೋರ, ಹೊತ್ತ ಮುಳಗಿದ ಮ್ಯಾಲೆ ಅವಗ ಉಣಸಬ್ಯಾಡ್ರಿ," ಎಂದರು. "ಬಾಪುಸಾಹೇಬ ಈಗ ನಮ್ಮ ಮಂದ್ಯಾಗಿನಾಂವ."