ಪಾಳೇಗಾರರ ಪರದೆಯ ಕಿವಿ

ನಮ್ಮ ಭಾವನವರಿಗೆ ಇತಿಹಾಸ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಡೆಯದೇ ಇರುವ ಇತಿಹಾಸವೆಲ್ಲ ಅವರಿಗೆ ಬಾಯಿಪಾಠ! ನಡೆದದ್ದು ಮಾತ್ರ ಸ್ವಲ್ಪ ಕಡಿಮೆ. ನಾನಾದರೋ ಆಲೂರಿನ ಹೈಸ್ಕೂಲಿನಲ್ಲಿ ಜೀವಮಾನವಿಡೀ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ನನ್ನ ಅಕ್ಕನನ್ನು ಹುಡುಕಿ ಹುಡುಕಿ ಇಂಥವರಿಗೇ ಕೊಟ್ಟರಲ್ಲ, ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಈ ರೋಗ ಅವರಿಗೆ ಅಂಟಿದ್ದು ಒಂದು ಮ್ಯೂಸಿಯಮ್ಮಿನಲ್ಲಿ. ಯಾರದೋ ಮದುವೆಗೆಂದು ಪಟ್ಟಣಕ್ಕೆ ಹೋಗಿದ್ದೆವು. ಊಟಕ್ಕೆ ಇನ್ನೂ ಹೊತ್ತಿತ್ತು. ಎದುರಿಗೇ ಮ್ಯೂಸಿಯಂ, ಒಳಗೆ ಫ್ಯಾನು ತಿರುಗುತ್ತಿತ್ತು, ಹೋದೆವು. ಅಲ್ಲೊಂದು ಗೋಡೆಯ ತುಂಬ ಹಳೆಯ ಉಣ್ಣೆಯ ಪರದೆ. ಬಣ್ಣದ ನೂಲಿನಲ್ಲೇ ಬೇಟೆಯ ಚಿತ್ರ ನೇಯ್ದಿದ್ದರು: ಕುದುರೆ, ನಾಯಿ, ಜಿಂಕೆ, ತುಪ್ಪಳದ ಟೋಪಿ ಹಾಕಿದ ಗಡ್ಡದ ಸವಾರ. ವಿಲಾಯಿತಿಯ ಮಾಲು ಎನ್ನುವುದಕ್ಕೆ ಪಂಡಿತರೇನೂ ಬೇಕಿರಲಿಲ್ಲ. ಆದರೆ ಕೆಳಗಿನ ಚೀಟಿಯಲ್ಲಿ ‘ಮೂಲ: ತಿಳಿದಿಲ್ಲ’ ಎಂದು ಬರೆದಿತ್ತು. ಎಡಗಡೆಯ ಕೆಳಮೂಲೆ ಹರಿದಿತ್ತು. ಅದನ್ನು ಯಾರೋ ಪುಣ್ಯಾತ್ಮರು ಗೋಣಿದಾರದಲ್ಲಿ ಅಡ್ಡಾದಿಡ್ಡಿ ಹೊಲಿದು, ತುದಿಯಲ್ಲಿ ಬಟ್ಟೆ ಮುದುರಿ, ದಾರ ಸುತ್ತಿ, ಒಂದು ಜುಟ್ಟು ಬಿಟ್ಟಿದ್ದರು. ಅಷ್ಟು ಚೆಂದದ ಪರದೆಗೆ ಅಷ್ಟು ಅಸಹ್ಯವಾದ ಹೊಲಿಗೆ!

ಅಲ್ಲಿನ ಅಧಿಕಾರಿ ಮೇಡಂ ಹತ್ತಿರ ಬಂದು, “ಆ ಮೂಲೇನ ಬಿಚ್ಚಿಸಿ, ನೀಟಾಗಿ ರಿಪೇರಿ ಮಾಡಿಸ್ತಾ ಇದೀವಿ” ಎಂದರು.

“ಮುಟ್ಟಬ್ಯಾಡಿ!” ಭಾವ ಕಿರುಚಿದ ರಭಸಕ್ಕೆ ಬಾಗಿಲಲ್ಲಿ ತೂಕಡಿಸುತ್ತಿದ್ದ ಕಾವಲುಗಾರ ಎದ್ದು ನಿಂತ. “ಅದು ನಮ್ಮ ಪಾಳೇಗಾರರ ಮುದ್ರೆ ಕಣ್ರೀ! ಈ ಪರದೆ ನಮ್ಮ ಸಕಲೇಶಪುರದ್ದು!”

ಆ ಮೇಡಂ ಸಭ್ಯರು. “ಆಧಾರ ಇದ್ರೆ ತಂದುಕೊಡಿ ಸರ್, ಅಲ್ಲೀವರೆಗೂ ಬಿಚ್ಚಲ್ಲ” ಎಂದುಬಿಟ್ಟರು. ಸಭ್ಯತೆಯಿಂದ ಎಂಥ ಅನಾಹುತವಾಗುತ್ತದೆ ನೋಡಿ! ಅಂದಿನಿಂದ ಭಾವನವರಿಗೆ ಆ ಮೂಲೆಯ ಹೊಲಿಗೆ ಉಳಿಸುವುದೊಂದೇ ಕೆಲಸ. ಮದುವೆ ಊಟವೂ ತಪ್ಪಿತು.

ಸಂಶೋಧನೆ ಶುರುವಾಯಿತು. ಸಂಶೋಧನೆ ಎಂದರೆ ಮೊದಲು ತೀರ್ಮಾನ, ಆಮೇಲೆ ಆಧಾರ! ಪಾಳೇಗಾರ ಶತ್ರುಗಳಿಗೆ ಹೆದರಿ ಪರದೆ ಹೊತ್ತುಕೊಂಡು ಘಟ್ಟ ಇಳಿದನಂತೆ.

“ಎಡಕುಮೇರಿ ಸ್ಟೇಷನ್ ಹತ್ರಾನೇ ಇಳ್ದಿರೋದು” ಎಂದರು.

“ಆಗ ರೈಲೇ ಇರಲಿಲ್ಲವಲ್ಲ ಭಾವ?”

“ಅದಕ್ಕೇ ಕಣೋ ನಡ್ಕಂಡು ಹೋಗಿದ್ದು!”

ಇದಕ್ಕೆ ಯಾವ ವಿಶ್ವವಿದ್ಯಾಲಯ ಉತ್ತರ ಕೊಟ್ಟೀತು? ಪಾಳೇಗಾರನಿಗೆ ತುಪ್ಪಳದ ಟೋಪಿ ಎಲ್ಲಿಂದ ಬಂತು ಎಂದು ಕೇಳಿದೆ. “ಘಟ್ಟದ ಮಾರನಹಳ್ಳಿ ಚಳಿ ನಿಂಗೇನ್ ಗೊತ್ತು ಮಾರಾಯ!” ಎಂದು ಗದರಿದರು. ಹಾಗೆಂದವರು ಮಾರನಹಳ್ಳಿಗೇ ಹೋಗಿ, ಅಂಥ ಹಳೆಯ ಪರದೆ ಯಾರ ಮನೆಯಲ್ಲಾದರೂ ಇದೆಯೇ ಎಂದು ವಿಚಾರಿಸಿದರು. “ಐತೆ ಬನ್ನಿ ಗೌಡ್ರೇ” ಎಂದು ಒಬ್ಬ ಅಜ್ಜಿ ಒಳಗೆ ಕರೆದು, ಬಚ್ಚಲಿಗೆ ಇಳಿಬಿಟ್ಟಿದ್ದ ಪ್ಲಾಸ್ಟಿಕ್ ಪರದೆ ತೋರಿಸಿದಳು. ಭಾವ ಅದರ ಫೋಟೊವನ್ನೂ ತೆಗೆದುಕೊಂಡು ಬಂದರು!

ಯಸಳೂರಿನ ಭಾವನವರ ಮನೆಯಲ್ಲಿ ಅಕ್ಕನ ಗೋಳು ಬೇರೆ. “ಕಣದಲ್ಲಿ ಕಾಫಿ ಹರವೈತೆ, ಮೋಡ ಕವೀತಾ ಐತೆ, ಇವ್ರು ನೋಡುದ್ರೆ ರಾಜನ ಪರದೆ ಹಿಂದೆ ಹೋಗ್ಬುಟ್ಟವ್ರೆ! ಕಾಫಿ ಮೇಲೆ ಮುಚ್ಚೋ ಟಾರ್ಪಾಲು ಎಲ್ಲೈತೆ ಅಂತ ಅದನ್ನೂ ಸಂಶೋಧನೆ ಮಾಡಕ್ಕೇಳು ನಿಮ್ಮ ಭಾವಂಗೆ!”

ಕೊನೆಗೆ ಮೇಡಂ ಫೋನು ಮಾಡಿದರು. ರಿಪೇರಿಯವರು ಬಂದಿದ್ದಾರೆ, ಆಧಾರವಿದ್ದರೆ ಈಗಲೇ ತನ್ನಿ, ಇಲ್ಲವಾದರೆ ಹೊಲಿಗೆ ಬಿಚ್ಚುತ್ತೇವೆ ಎಂದರು.

“ನೀನೂ ಬಾರೋ. ಹಿಸ್ಟರಿ ಮೇಷ್ಟ್ರು ಹೇಳುದ್ರೆ ನಂಬ್ತಾರೆ” ಎಂದು ಭಾವ ಗೋಗರೆದರು. ನಾನು ಸಂತೋಷವಾಗಿಯೇ ಹೊರಟೆ. ಅವರ ಪಾಳೇಗಾರ ನಾಲ್ಕು ಜನರ ಎದುರಿಗೆ ಮಣ್ಣು ಮುಕ್ಕುವುದನ್ನು ಕಣ್ಣಾರೆ ನೋಡುವ ಭಾಗ್ಯ ಯಾರಿಗುಂಟು!

ಮ್ಯೂಸಿಯಮ್ಮಿನಲ್ಲಿ ಪರದೆಯನ್ನು ಇಳಿಸಿ ಉದ್ದನೆಯ ಮೇಜಿನ ಮೇಲೆ ಹಾಸಿದ್ದರು. ಪಕ್ಕದಲ್ಲಿ ಸಣ್ಣ ಕತ್ತರಿ. ಮೇಡಂ ರಿಪೇರಿಯವರನ್ನು ಕರೆತರಲು ಒಳಗೆ ಹೋದರು. ಭಾವ ಕತ್ತರಿಯನ್ನೇ ನೋಡುತ್ತಾ ನಿಂತರು.

“ಎಲ್ಲಿ ಭಾವ ಆಧಾರ?” ಎಂದು ಚುಚ್ಚಿದೆ.

“ಅದು ನಮ್ಮವ್ವನ ಹೊಲಿಗೆ ಕಣೋ” ಎಂದರು.

ಭಾವ ಕತ್ತರಿಯನ್ನು ಮೇಜಿನ ಆಚೆ ತುದಿಗೆ ಸರಿಸಿದರು.

“ಅವ್ವ ಎಸ್ಟೇಟ್ ಸ್ಟೋರಲ್ಲಿ ಕಾಫಿ ಚೀಲ ಹೊಲಿಯೋಳು. ಬಂಗ್ಲೇಲಿ ಈ ಪರದೆ ಇಲಿ ಕಡಿದಿತ್ತು, ಹೊಲ್ಕೊಡು ಅಂತ ಎಸ್ಟೇಟಿನ ಬಿಳಿ ದೊರೆ ಕರೆಸುದ್ರು. ಅವಳತ್ರ ಇದ್ದಿದ್ದು ಚೀಲದ ದಬ್ಬಳ, ಗೋಣಿದಾರ ಅಷ್ಟೇಯ. ಬಟ್ಟೆ ಬಿಗಿಯಾಗಿ ಹಿಡ್ಕಂಡು ಕುಂತಿದ್ದೋನು ನಾನೇ. ಚೀಲದ ಬಾಯಿ ಹೊಲಿದ್ಮೇಲೆ ಹಿಡಿದೆತ್ತೋಕೆ ಮೂಲೇಲಿ ಕಿವಿ ಬಿಡ್ತಾರಲ್ಲ, ಕೈ ಅಭ್ಯಾಸ, ಇದಕ್ಕೂ ಬಿಟ್ಬುಟ್ಟಳು! ಆಮೇಲೆ ನೋಡ್ಕಂಡು, ಅಯ್ಯೋ ಅಂತ ಸೆರಗು ಬಾಯಿಗಿಟ್ಕಂಡು ನಕ್ಕಿದ್ದೇ ನಕ್ಕಿದ್ದು. ಮುಂದಿನ ವರ್ಷ ಹೋಗ್ಬುಟ್ಟಳು. ಒಂದು ಫೋಟೊನೂ ಇಲ್ಲ.”

“ಇದನ್ನೇ ಹೇಳಬಾರದಿತ್ತೇ ಭಾವ?”

“ಚೀಲ ಹೊಲಿಯೋಳ ಹೊಲಿಗೆ ಅಂದ್ರೆ ಬಿಚ್ಚಾಕ್ತಾರೆ. ಪಾಳೇಗಾರನ್ದು ಅಂದ್ರೆ ಮಡಿಕ್ಕತಾರೆ.”

ಮೇಡಂ ಬಂದರು. ಭಾವ ಎಡಕುಮೇರಿಯಿಂದ ಶುರುಮಾಡಿದವರು ಘಟ್ಟದ ನಡುವೆಯೇ ನಿಂತುಬಿಟ್ಟರು. ಮೇಡಂ ನನ್ನತ್ತ ತಿರುಗಿದರು.

“ನೀವು ಹಿಸ್ಟರಿ ಮೇಷ್ಟ್ರಂತೆ. ನೀವೇನಂತೀರಾ ಸರ್?”

ನಾನು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಆ ಜುಟ್ಟನ್ನು ಬಗ್ಗಿ ನೋಡಿದೆ. ಹೌದು, ಕಿವಿಯೇ. ಯಾವ ಕಾಫಿ ಚೀಲದಲ್ಲಾದರೂ ನೋಡಿ, ಹೀಗೇ ಇರುತ್ತದೆ.

“ಪಾಳೇಗಾರರದ್ದೇ ಮೇಡಂ” ಎಂದೆ. “ಅನುಮಾನವೇ ಬೇಡ. ಈ ಮೂಲೆ ಬಿಚ್ಚಿದರೆ ಪರದೆಗೆ ಬೆಲೆಯೇ ಇರುವುದಿಲ್ಲ.”

ಮೇಡಂ ನನ್ನನ್ನು ನೋಡಿದರು, ಭಾವನವರ ಕಣ್ಣು ನೋಡಿದರು, ಏನೂ ಕೇಳದೆ ಕತ್ತರಿ ಎತ್ತಿಟ್ಟರು. ಹೊರಡುವಾಗ ಭಾವ ಮೆಲ್ಲಗೆ ಕೈ ಚಾಚಿ ಆ ಕಿವಿಯನ್ನು ಹಿಡಿದುಕೊಂಡರು. ಮುಟ್ಟಬ್ಯಾಡಿ ಎಂದು ಕಿರುಚಿದ್ದವರು ಅವರೇ! ಯಾರಿಗೂ ಕಾಣಲಿಲ್ಲ. ನಾನು ಅಡ್ಡ ನಿಂತಿದ್ದೆ.