ಮಾವನ ಹಾಡಿನ ಪೆಟ್ಟಿಗೆ

ನಮ್ಮ ಸೋದರಮಾವ ಕನ್ನಡಿ ನೋಡಿಕೊಳ್ಳುವಾಗಲೂ ಒಮ್ಮೆ ಹಿಂದೆ ತಿರುಗಿ ನೋಡುತ್ತಾರೆ, ಒಳಗಿರುವವನು ಯಾರೋ ಏನೋ ಎಂಬ ಅನುಮಾನ! ಚಹಾಕ್ಕೆ ಸಕ್ಕರೆ ಹೆಚ್ಚು ಬಿದ್ದರೆ "ಇವತ್ತ ಯಾಕೋ ಇಷ್ಟು ಪ್ರೀತಿ?" ಎಂದು ಅಂಗಡಿಯವನನ್ನು ವಿಚಾರಣೆಗೆ ನಿಲ್ಲಿಸುತ್ತಾರೆ. ಇಂಥವರು ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ, ಜನ ತಾವೇ ಬಂದು ತಾವೇ ಹಾಡು ತುಂಬಿಕೊಂಡು ಹೋಗುವ ಯಂತ್ರ ಇಡುತ್ತೇನೆಂದರೆ ನಗು ಬರದೆ ಇರುತ್ತದೆಯೇ?

ನಮ್ಮೂರು ಹೊಸ ತೆಲಂಗಾಣ ರಾಜ್ಯಕ್ಕೆ ಸೇರಿದ ವರ್ಷ ಅದು. ಮಾವನದು ಮೊಬೈಲ್ ರಿಪೇರಿ ಅಂಗಡಿ. ಮೆಮರಿ ಕಾರ್ಡಿಗೆ ಹಾಡು ಹಾಕಿಸಲು ಬರುವ ಕುರುಬರ ಹಿರಿಯರು ಹಾಡಿನ ಹೆಸರು ಓದಲಾರದೆ, ಕೇಳಲೂ ನಾಚಿ, ಬಾಗಿಲಲ್ಲೇ ನಿಲ್ಲುತ್ತಿದ್ದರು. ಅವರಿಗಾಗಿ ಮಾವ ನಾರ್ವ, ಮಲ್ದಕಲ್ ಕಡೆಯ ಹಳ್ಳಿಗಳಲ್ಲಿ ತಿರುಗಿ, ಅಲ್ಲಿನ ಹಾಡುಗಾರರ ದನಿಯಲ್ಲೇ ಅವರ ದೇವರಾದ ಬೀರಪ್ಪ, ಮೈಲಾರರ ಪದಗಳನ್ನು ರೆಕಾರ್ಡ್ ಮಾಡಿಕೊಂಡು ಬಂದರು. ಆಮೇಲೆ ಹಳೇ ಕಂಪ್ಯೂಟರನ್ನು ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿದರು. ಕಾರ್ಡು ತೂರಿಸಿ ಗುಂಡಿ ಒತ್ತಿದರೆ ಹಾಡು ಹೊರಗೆ ಕೇಳುತ್ತ ಕೇಳುತ್ತಲೇ ಕಾರ್ಡಿಗೆ ಇಳಿಯಬೇಕು.

"ಗುಂಡಿ ಮ್ಯಾಲೆ ಯಾವ ಭಾಷಾದಾಗ ಬರೀತೀರಿ ಮಾವ?" ಎಂದೆ.

"ತೆಲುಗಿನಾಗ ಬರದ್ರ ಕನ್ನಡದವ್ರಿಗೆ ಸಿಟ್ಟು, ಕನ್ನಡದಾಗ ಬರದ್ರ ಉರ್ದುದವ್ರಿಗೆ. ರಾಜ್ಯನ ಬದಲಾಗೈತಿ, ಇನ್ನ ಯಾರನ್ನ ನಂಬೂದು? ಚಿತ್ರ ತೆಗಿ!"

ಬೀರಪ್ಪನ ಪದಕ್ಕೆ ಡೊಳ್ಳು, ಮೈಲಾರನ ಪದಕ್ಕೆ ಕುದುರೆ ಬರೆದುಕೊಟ್ಟೆ. ಮಾವ ಕುದುರೆಯನ್ನು ದಿಟ್ಟಿಸಿ, "ಇದು ಕತ್ತೆ ಅಲ್ಲಂತ ಏನು ಗ್ಯಾರಂಟಿ?" ಎಂದರು!

ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಜಾಗ ಕೊಟ್ಟರು, ಆದರೆ ಒಂದು ಷರತ್ತು. "ಪಕ್ಕಕ್ಕ ಮನಿಷ್ಯಾ ನಿಂತ್ರ ಅದು ಅಂಗಡಿ. ಅಂಗಡಿಗೆ ಇಲ್ಲಿ ಇಜಾಜತ್ ಇಲ್ರಿ. ಒಂದು ವಾರ ನೋಡ್ತೀನಿ. ನೀವು ಅಲ್ಲಿ ನಿಂತಿದ್ದು ಕಂಡ್ರ ಪೆಟಿಗಿ ಎತ್ತಿಸಿಬಿಡ್ತೀನಿ."

ನೆರಳನ್ನೂ ನಂಬದ ಮನುಷ್ಯ ಯಂತ್ರವನ್ನು ಊರಿನವರ ಕೈಗೆ ಬಿಟ್ಟು ಮನೆಯಲ್ಲಿ ಕೂರಬೇಕು! ಕೂತರೆ ತಾನೆ? ಎದುರಿನ ಕಂಬದ ಹಿಂದೆ ತಲೆತುಂಬ ಕಂಬಳಿ ಹೊದ್ದು ನಿಂತರು. ಆ ಸೆಖೆಯಲ್ಲಿ ಕಂಬಳಿ! ಅನುಮಾನ ಪಡದಿದ್ದವರೂ ನಿಂತು ನೋಡಿ ಹೋಗುತ್ತಿದ್ದರು.

ಎರಡನೆಯ ದಿನಕ್ಕೇ ಯಂತ್ರ ತಡವರಿಸತೊಡಗಿತು. ಕಂಟ್ರೋಲರ್ ಊಟಕ್ಕೆ ಹೋದಾಗ ನೋಡಿದರೆ ಕಾರ್ಡಿನ ಸಂದಿಯ ತುಂಬ ಹಳದಿ ಪುಡಿ.

"ನಾರಾಯಣಪೇಟಿ ಮೊಬೈಲ್ ಅಂಗಡಿಯವ್ರ ಕೈವಾಡ ಇದು, ಅಳಿಯಾ! ವಿಷ ಹಾಕ್ಯಾರ."

ಮೂಸಿದೆ. ಭಂಡಾರ! ಬೀರಪ್ಪನ ಪದ ಒತ್ತುವ ಮೊದಲು ಕುರುಬರು ಚಪ್ಪಲಿ ಬಿಟ್ಟು, ಡೊಳ್ಳಿನ ಚಿತ್ರಕ್ಕೆ ಅರಿಸಿನದ ಭಂಡಾರ ಎರಚಿ ಕೈಮುಗಿಯುತ್ತಿದ್ದರು. ಮಾವ ಅದನ್ನೂ ನಂಬದೆ ಪುಡಿಯನ್ನು ಪೊಟ್ಟಣ ಕಟ್ಟಿ ಜೇಬಿಗಿಳಿಸಿದರು, ಸಾಕ್ಷಿಗಂತೆ!

ವಾರದ ಕೊನೆಯ ದಿನ. ನಾರ್ವದ ಬಸ್ಸಿನಿಂದ ಇಳಿದ ಮುದುಕರೊಬ್ಬರು ಭಂಡಾರ ಎರಚಿ ಡೊಳ್ಳು ಒತ್ತಿದರು. ಹಾಡು ಶುರುವಾಗಿ ಗಕ್ಕನೆ ನಿಂತಿತು. ಅವರು ಪೆಟ್ಟಿಗೆಯನ್ನು ತಟ್ಟತೊಡಗಿದರು.

"ಒಡ್ಯಾಕ ಬಂದಾನ, ಕಳ್ಳ!" ಮಾವ ಹಲ್ಲು ಕಡಿದರು.

"ಸುಮ್ನಿರ್ರಿ ಮಾವ, ಇನ್ನೊಂದು ತಾಸು. ಕಂಟ್ರೋಲರ್ ಕಿಟಕಿಯಾಗ ಅದಾರ." ನಾನು ಅವರ ಕಂಬಳಿ ಹಿಡಿದೆಳೆದೆ.

ಮುದುಕರು ಪೆಟ್ಟಿಗೆಗೆ ಕಿವಿ ಹಚ್ಚಿದರು. "ಅಣ್ಣಾ, ಯಾಕ ಸುಮ್ನಾದಿ? ನೀ ಮಣ್ಣಾದ ಮ್ಯಾಲೆ ಇವತ್ತ ನಿನ್ನ ದನಿ ಕೇಳಿದೆ. ಇನ್ನೊಂದೀಟು ಹಾಡೋ..."

ಕಂಬಳಿ ನನ್ನ ಕೈಯಲ್ಲೇ ಉಳಿಯಿತು. ಮಾವ ಓಡಿಹೋಗಿ ಬೀಗ ತೆಗೆದು, ಪಂಚೆಯ ಚುಂಗಿನಿಂದ ಭಂಡಾರ ಒರೆಸಿ, ಹಾಡನ್ನು ಮೊದಲಿನಿಂದ ಹಚ್ಚಿದರು. ಪೆಟ್ಟಿಗೆ ಎತ್ತಿಸುತ್ತೇನೆಂದು ಕಂಟ್ರೋಲರ್ ಕಿಟಕಿಯಿಂದ ಕೂಗುತ್ತಲೇ ಇದ್ದರು. ಮಾವ ಅತ್ತ ತಿರುಗಲೇ ಇಲ್ಲ.

"ಪೂರಾ ಕೇಳ್ರಿ ಯಜಮಾನ್ರ," ಎಂದರು. "ನಾ ಇಲ್ಲೇ ನಿಂತಿರ್ತೀನಿ."