ಎರಡು ಮೂಗುಗಳ ಸಾಗರ ಯಾತ್ರೆ

ಎಂಬತ್ತರ ದಶಕದ ಶುರುವಿನಲ್ಲಿ ಹೊಸನಗರದಲ್ಲಿ ನನ್ನದೊಂದು ಸೈಕಲ್ ಅಂಗಡಿ ಇತ್ತು. ಗಾಳಿ ಎಲ್ಲಿ ಸೋರುತ್ತದೆಂದು ಕಂಡುಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ತಾಲ್ಲೂಕಿನಲ್ಲೇ ಇರಲಿಲ್ಲ. ಅಂಥವನಿಗೆ ಇಬ್ಬರು ಮಕ್ಕಳ ಉಬ್ಬಸ ಯಾವ ಮಹಾ ವಿಷಯ!

ಮಗ ರಘುವಿಗೆ ಐದು ವರ್ಷ, ಮಗಳು ಶಾರದೆಗೆ ಹನ್ನೆರಡು. ಚಳಿ ಬಿತ್ತೆಂದರೆ ಇಬ್ಬರ ಎದೆಯೂ ಸುಂಯ್ ಎನ್ನುತ್ತಿತ್ತು. ರಘುವಿನ ಮೂಗಂತೂ ಸದಾ ಸುರಿಯುತ್ತಿತ್ತು. ಅವನು ಸೀನಿದರೆ ಪಕ್ಕದ ಮನೆಯ ಕೋಳಿ ಹಾರಿ ಮಾಡು ಸೇರುತ್ತಿತ್ತು!

ಸಾಗರದ ಡಾಕ್ಟರಿಗೆ ತೋರಿಸುವ ದಿನವೇ ಹೆಂಡತಿ ಸರೋಜಾಗೆ ಜ್ವರ. ಮಕ್ಕಳೊಂದಿಗೆ ನಾನೊಬ್ಬನೇ ಹೊರಟೆ.

“ಶಾರದೆನೂ ಸರಿಯಾಗಿ ತೋರ್ಸಿ. ಅವಳು ಬಾಯ್ಬಿಟ್ಟು ಹೇಳಲ್ಲ,” ಎಂದಳು ಸರೋಜಾ.

“ನಂಗೊತ್ತಿಲ್ವಾ? ನಾನು ಅವಳ ಅಪ್ಪ ಅಲ್ವಾ?” ಎಂದೆ, ಗತ್ತಿನಿಂದ.

ಬಸ್ಸಿನಲ್ಲಿ ರಘುವಿನ ಮೂಗಿಗೆ ಮೊದಲು ನನ್ನ ಕರವಸ್ತ್ರ ಬಲಿಯಾಯಿತು. ಆಮೇಲೆ ಟವೆಲು, ಆಮೇಲೆ ಪಂಚೆಯ ತುದಿ. ಕೊನೆಯ ಸೀನು ಮುಂದಿನ ಸೀಟಿನವರ ಹೊಸ ಅಂಗಿಯ ಮೇಲೆ ಪ್ರತಿಷ್ಠಾಪನೆಗೊಂಡಿತು.

“ಎಂತ ಮಾರಾಯ್ರೇ, ನಾನು ಮದುವೆಗೆ ಹೊರಟವ!” ಎಂದರು ಅವರು.

ಗಾಬರಿಯಲ್ಲಿ ಅದೇ ಟವೆಲಿನಿಂದ ಅವರ ಬೆನ್ನು ಒರೆಸಿದೆ. ಅಂಗಿಯ ಉಳಿದ ಭಾಗವೂ ಹಾಳಾಯಿತು!

ಪಕ್ಕದಲ್ಲಿ ಶಾರದೆ ಬಾಯಿ ತೆರೆದು ಕೂತಿದ್ದಳು. ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. “ಬಾಯಿ ತೆರ್ಕಂಡು ಎಂತ ನೋಡ್ತಿದೀಯ? ಮುಚ್ಕ!”

ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ನೋಡಿದರೆ ಮುಖ ಕೆಂಪಾಗಿದೆ, ಕಣ್ಣು ತುಂಬಿದೆ.

“ಎಂತ ಆಯ್ತೇ?”

ಗಕ್ಕನೆ ಉಸಿರೆಳೆದುಕೊಂಡಳು. “ಬಾಯಿ ಮುಚ್ಚಿದ್ರೆ ಉಸ್ರು ಬರಲ್ಲ ಅಪ್ಪಯ್ಯ,” ಎಂದಳು, ತಪ್ಪೆಲ್ಲ ತನ್ನದೇ ಎಂಬಂತೆ.

ಸಾಗರದಲ್ಲಿ ಇಳಿದವನೇ ಮೊದಲು ಅವಳನ್ನೇ ಡಾಕ್ಟರ ಮುಂದೆ ಕೂರಿಸಿದೆ.

ಡಾಕ್ಟರು ಶಾರದೆಯ ಮೂಗಿನೊಳಗೆ ಟಾರ್ಚು ಬಿಟ್ಟು, “ಯಾವಾಗಿಂದ ಕಟ್ಟಿದೆ?” ಎಂದರು.

“ನಿನ್ನೆಯಿಂದ,” ಎಂದೆ ನಾನು, ತಿಳಿದವನಂತೆ.

“ಹೋದ ಮಳೆಗಾಲದಿಂದ,” ಎಂದಳು ಶಾರದೆ. ಡಾಕ್ಟರು ಮೂಗಿನ ಹತ್ತಿರ ಹಿಡಿದ ನಿಂಬೆಹಣ್ಣಿನ ವಾಸನೆಯೂ ಅವಳಿಗೆ ಬರಲಿಲ್ಲ.

“ಮನೇಲಿ ಯಾಕಮ್ಮ ಹೇಳಿಲ್ಲ?”

“ತಮ್ಮಂಗೇ ಜಾಸ್ತಿ ಇತ್ತಲ್ಲ…”

ಡಾಕ್ಟರು ನನ್ನತ್ತ ತಿರುಗಿದರು. “ಇಬ್ಬರದೂ ಉಬ್ಬಸವೇ. ಆದ್ರೆ ಮೂಗು ಎಲ್ಲ ಮಕ್ಕಳದೂ ಒಂದೇ ತರ ಇರಲ್ಲ. ಸಣ್ಣ ಹುಡುಗನ ಸುರಿಯೋ ಮೂಗು ಊರಿಗೆಲ್ಲ ಕಾಣ್ತದೆ. ದೊಡ್ಡ ಹುಡುಗಿ ಮೂಗು ಕಟ್ಟಿದ್ರೆ ಅಪ್ಪನಿಗೂ ಕಾಣಲ್ಲ.”

ಸೋರುವ ಟ್ಯೂಬನ್ನಷ್ಟೇ ಹುಡುಕುವ ಪರಿಣತನಿಗೆ ಕಟ್ಟಿಕೊಂಡ ವಾಲ್ವು ಕಾಣಲೇ ಇಲ್ಲ!

ವಾಪಸು ಬರುವಾಗ ಶಾರದೆ ನನ್ನ ಹೆಗಲಿಗೆ ಒರಗಿ, ಬಾಯಿ ತೆರೆದು ನಿದ್ದೆ ಹೋದಳು. ಹೊಸನಗರ ಬರುವವರೆಗೂ ಆ ಹೆಗಲನ್ನು ನಾನು ಅಲ್ಲಾಡಿಸಲಿಲ್ಲ.

ಔಷಧಿ ಶುರುವಾಗಿ ಕೆಲವು ವಾರಗಳ ಮೇಲೆ, ಒಂದು ಸಂಜೆ ನಾನು ಅಂಗಡಿ ಮುಚ್ಚಿ ಮನೆಗೆ ಬಂದಾಗ ಶಾರದೆ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಮರುಗಳಿಗೆ ಮುಖ ಎತ್ತಿ, “ಅಪ್ಪಯ್ಯ! ನಂಗೆ ವಾಸನೆ ಬರ್ತಿದೆ!” ಎಂದು ಕೂಗಿದಳು.

ನನ್ನ ಕಣ್ಣು ಮಂಜಾಯಿತು. “ಎಂತದ್ದು ಮಗಾ? ಮಲ್ಲಿಗೇದಾ? ಕಾಫಿದಾ?”

ಅವಳು ಮೂಗು ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

“ನಿಮ್ ಬನೀನಿಂದು!”

ಒಳಗೆ ಸರೋಜಾ ನಗು ತಡೆಯಲಾರದೆ ನೆಲಕ್ಕೆ ಕೂತಳು. ನಾನು ಸೀದಾ ಬಚ್ಚಲಿಗೆ ನಡೆದೆ. ಕಣ್ಣು ಯಾಕೆ ಕೆಂಪಾಗಿದೆ ಎಂದು ಆಮೇಲೆ ಕೇಳಿದವರಿಗೆ, ಸೋಪು ಹೋಯಿತು ಎಂದೆ. ಒಬ್ಬರೂ ನಂಬಲಿಲ್ಲ.